ಕರಿಹಲಗೆಯ ಪಕ್ಕ ನಿಂತು ಕಂಡ ದೇಶ

ಕನ್ನಡದಲ್ಲಿ ವಿದೇಶ ಪ್ರವಾಸದ ಪುಸ್ತಕಗಳಿಗೆ ಬರವಿಲ್ಲ. ಆದರೆ ಬಹುಪಾಲು ಪುಸ್ತಕಗಳು ಅತಿಥಿಗಳು ಬರೆದವು. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ನಾನು ಈಗಲೂ ಆಗಾಗ ತೆಗೆದು ಓದುತ್ತೇನೆ. ಎರಡೂ ಸೊಗಸಾದ ಪುಸ್ತಕಗಳೇ. ಆದರೂ ನೆಂಟನಾಗಿ ಹೋದವನಿಗೆ ಊರು ತನ್ನ ಪಡಸಾಲೆಯನ್ನಷ್ಟೇ ತೋರಿಸುತ್ತದೆ. ಪಾಠ ಮಾಡಲು ಹೋದವನ ಪಾಡು ಬೇರೆ. ಬೆಳಗಾದರೆ ಕ್ಲಾಸು ತುಂಬಿರುತ್ತದೆ. ಹುಡುಗರಿಗೆ ತಿಳಿಯುವಂತೆ ಹೇಳಬೇಕಾದರೆ ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಅರಿಯಬೇಕು. ಅದನ್ನು ಅರಿಯಲು ಹೊರಟ ಮಾಸ್ತರನಿಗೆ ದೇಶ ಒಳಮನೆಯ ಬಾಗಿಲು ತೆಗೆಯುತ್ತದೆ. ಪರದೇಶ ನೋಡುವ ಆಸೆ ಇದ್ದವರು ಪಾಠ ಮಾಡಲು ಹೋಗಬೇಕು ಎಂದು ಈ ಅಂಕಣದಲ್ಲಿ ನಾನು ಪದೇ ಪದೇ ಹೇಳುವುದು ಇದಕ್ಕೇ.

ನಮ್ಮ ಹಾವೇರಿ ಜಿಲ್ಲೆಯಿಂದ ಕಡಲು ದಾಟಿದವರು ಮೊದಲು ಹೋದದ್ದು ಕಲಿಯಲು. ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಹಾವೇರಿ ತಾಲ್ಲೂಕಿನ ಕುರಬಗೊಂಡದ ಪಾಟೀಲ ಪುಟ್ಟಪ್ಪನವರು 1949ರಲ್ಲಿ ಪತ್ರಿಕೋದ್ಯಮ ಓದಲು ಕ್ಯಾಲಿಫೋರ್ನಿಯಾಕ್ಕೆ ಹೋದರು. ಮೋಟೆಬೆನ್ನೂರಿನವನು ನಾನು ಎಂದರೆ ಮಾತ್ರ ಜನ ಕೇಳುವುದು ಮೈಲಾರ ಮಹಾದೇವನನ್ನೇ. 1930ರಲ್ಲಿ ಸಾಬರಮತಿಯಿಂದ ದಂಡಿಯವರೆಗೆ ಗಾಂಧಿಯ ಜೊತೆ ನಡೆದವನ ಊರಿನಲ್ಲಿ ವಿಮಾನ ಹತ್ತಿ ಬಂದವನಿಗೆ ಅಂಥ ಮರ್ಯಾದೆಯೇನೂ ಇಲ್ಲ. ಅದು ಸರಿಯೂ ಹೌದು.

ಹೊರಗೆ ಹೋಗಿ ಕಲಿಸಿದ ಕನ್ನಡಿಗರಲ್ಲಿ ಎ.ಕೆ. ರಾಮಾನುಜನ್ ಅವರದು ದೊಡ್ಡ ಹೆಸರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾಕ್ಕೆ ಹೋದರು. ಅಲ್ಲಿಂದ ಶಿಕಾಗೊ ವಿಶ್ವವಿದ್ಯಾಲಯ ಸೇರಿ 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅಮೆರಿಕದ ಬಗ್ಗೆ ಅವರು ಪ್ರವಾಸ ಕಥನ ಬರೆಯಲಿಲ್ಲ. ವಚನಗಳನ್ನು ಇಂಗ್ಲಿಷಿಗೆ ತಂದರು, ಕನ್ನಡದಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಕೊಟ್ಟರು. ಕಲ್ಯಾಣದ ಹೆಸರನ್ನೇ ಕೇಳದ ಹುಡುಗರಿಗೆ ಬಸವಣ್ಣನನ್ನು ಹೇಳಬೇಕಾದ ಮಾಸ್ತರನೇ ಹಾಗೆ ಅನುವಾದಿಸಬಲ್ಲ ಎಂದು ನನ್ನ ನಂಬಿಕೆ. ಒಂದು ತಕರಾರು ಮಾತ್ರ ಉಂಟು. 1973ರ ಆ ವಚನ ಸಂಕಲನದಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮ ಇದ್ದಾರೆ. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಅಂಬಿಗರ ಚೌಡಯ್ಯನಿಗೆ ಜಾಗವಿಲ್ಲ. ಅವನ ವಚನಗಳ ಬೈಗುಳದ ಬಿಸಿ ಶಿಕಾಗೊದ ಚಳಿಗೆ ಚೆನ್ನಾಗಿ ಒದಗುತ್ತಿತ್ತು.

ಎಲ್ಲರೂ ಶಿಕಾಗೊಕ್ಕೆ ಹೋಗುವುದಿಲ್ಲ. ನಮ್ಮಂಥ ಸಾಮಾನ್ಯ ಅಧ್ಯಾಪಕರಿಗೆ ಬಾಗಿಲು ತೆರೆದದ್ದು ಇಥಿಯೋಪಿಯ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲೇ ಅಲ್ಲಿನ ಶಾಲೆಗಳಿಗೆ ಭಾರತದ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದರು, ಹೆಚ್ಚಿನವರು ಕೇರಳದವರು. ಈ ಶತಮಾನದ ಆರಂಭದಲ್ಲಿ ದೇಶ ಹೊಸ ಹೊಸ ವಿಶ್ವವಿದ್ಯಾಲಯಗಳನ್ನು ತೆರೆದಾಗ ಮತ್ತೆ ಕರೆ ಬಂತು. ಒಂಬತ್ತನೇ ತರಗತಿಯಿಂದ ಮೇಲಕ್ಕೆ ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆ ಗಾಳಿಯಲ್ಲೇ ನಾನೂ ಹೋದೆ.

ಹೊಸಬರಿಗೆ ಅಲ್ಲಿ ಮೊದಲು ಹೇಳಿಕೊಡುವುದು ಗಡಿಯಾರ ನೋಡುವುದನ್ನು. ಹಗಲಿನ ಎಣಿಕೆ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಎರಡು. ‘ನಾಳೆ ಎರಡಕ್ಕೆ ಕ್ಲಾಸು’ ಎಂದು ಹುಡುಗ ಹೇಳಿದರೆ ಮಧ್ಯಾಹ್ನ ಉಂಡು ಹೋಗುವಂತಿಲ್ಲ. ಬೇರೆ ದೇಶದಿಂದ ಬಂದ ಸಹೋದ್ಯೋಗಿಗಳು ಇದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರು. ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವರಿಗೆ ಇದೇನು ಕಷ್ಟ? ನಮ್ಮ ಗಳಿಗೆಗಳೂ ಸೂರ್ಯೋದಯದಿಂದಲೇ ಎಣಿಕೆಯಾಗುತ್ತವೆ. ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನದ ಹನ್ನೆರಡು, ಕೊನೆಗೆ ಐದಾರು ದಿನದ ಪಗುಮೆ. ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ. ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ. ಅಧಿಕ ಮಾಸ ಆಚರಿಸುವ ಜನ ಹದಿಮೂರನೇ ತಿಂಗಳಿಗೆ ಬೆರಗಾಗಬೇಕಿಲ್ಲ.

ಅಲ್ಲಿನ ಅಮ್ಹಾರಿಕ್ ಭಾಷೆಯ ಅಕ್ಷರಗಳೂ ಹಾಗೆಯೇ. ಒಂದೊಂದು ವ್ಯಂಜನಕ್ಕೆ ಏಳು ರೂಪ. ಸ್ವರ ಬದಲಾದಂತೆ ಅಕ್ಷರಕ್ಕೆ ಒಂದು ಕಾಲು ಉದ್ದವಾಗುತ್ತದೆ, ಇಲ್ಲವೆ ಪಕ್ಕದಲ್ಲೊಂದು ಸುರುಳಿ ಮೂಡುತ್ತದೆ. ಕಾಗುಣಿತ ಬಾಯಿಪಾಠ ಮಾಡಿದವರಿಗೆ ಒಂದು ಮಳೆಗಾಲ ಸಾಕು. ಹಾಜರಿ ಪುಸ್ತಕದ ಹೆಸರುಗಳನ್ನು ಅವರ ಲಿಪಿಯಲ್ಲೇ ಓದಿ ಕರೆದ ದಿನದಿಂದ ಹುಡುಗರು ಕ್ಲಾಸು ಮುಗಿದ ಮೇಲೂ ನಿಂತು ಮಾತಾಡತೊಡಗಿದರು. ನಾನು ಓದಿದ ಎಂ.ಎ. ಅಲ್ಲಿ ಸಂಬಳಕ್ಕೆ ಬಂತು. ಬದುಕಿಗೆ ಬಂದದ್ದು ಮೋಟೆಬೆನ್ನೂರಿನ ಶಾಲೆಯ ಕಾಗುಣಿತ.

ಊಟದ ವಿಷಯ. ನಮ್ಮ ಕಡೆಯ ಶಾಕಾಹಾರಿಗಳು ಆಫ್ರಿಕಾ ಎಂದರೆ ಹೆದರುತ್ತಾರೆ. ಇಥಿಯೋಪಿಯದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರಿಗೆ ಮೊದಲು ಉದ್ದದ ಉಪವಾಸವೂ ಇದೆ. ಆಗ ಮಾಂಸವಿರಲಿ, ಹಾಲು ತುಪ್ಪವೂ ಇಲ್ಲ. ಯಾವುದೇ ಹೋಟೆಲಿಗೆ ಹೋಗಿ ‘ತ್ಸೋಮ್’, ಅಂದರೆ ಉಪವಾಸದ ಊಟ ಬೇಕೆಂದರೆ ಇಂಜೆರಾ ಎಂಬ ದೋಸೆಯಂಥ ರೊಟ್ಟಿಯ ಮೇಲೆ ಬೇಳೆ, ಸೊಪ್ಪು, ಗಜ್ಜರಿ ಪಲ್ಯ ಬರುತ್ತದೆ. ಕಡಲೆ ಹಿಟ್ಟಿನ ‘ಶಿರೊ’ ಬಂದರೆ ಝುಣಕದ ತಮ್ಮನೆಂದೇ ತಿಳಿಯಿರಿ. ಇಂಜೆರಾ ಟೆಫ್ ಎಂಬ, ರಾಗಿಗಿಂತ ಸಣ್ಣ ಕಾಳಿನದು. ಹಿಟ್ಟನ್ನು ಕೆಲ ದಿನ ಹುಳಿ ಬರಿಸಿ ಹೊಯ್ಯುತ್ತಾರೆ. ಆ ಹುಳಿ ಮೊದಮೊದಲು ಸೇರದು. ಅವರ ‘ಬೆರ್ಬೆರೆ’ ಖಾರದ ಪುಡಿಯಲ್ಲಿ ಮೆಣಸಿನಕಾಯಿಯ ಜೊತೆ ಮೆಂತ್ಯ, ಶುಂಠಿ, ಒಂದು ಬಗೆಯ ಕಾಡು ಏಲಕ್ಕಿ. ಬ್ಯಾಡಗಿ ಮಾರುಕಟ್ಟೆಯ ವಾಸನೆಯಲ್ಲಿ ಬೆಳೆದ ಮೂಗಿನಿಂದ ತೀರ್ಪು ಕೊಡುವುದಾದರೆ: ಪರಿಮಳದಲ್ಲಿ ಬೆರ್ಬೆರೆ ಮುಂದೆ, ಬಣ್ಣದಲ್ಲಿ ನಮ್ಮ ಡಬ್ಬಿ ಕಾಯಿಯನ್ನು ಮುಟ್ಟಲಾರದು.

ಹೋಗುವ ಮನಸ್ಸಿದ್ದವರಿಗೆ ಕೆಲವು ಮಾತು. ಆಡಿಸ್ ಅಬಾಬ ಸಮುದ್ರಮಟ್ಟದಿಂದ 2,300 ಮೀಟರಿಗೂ ಮೇಲಿದೆ. ಮೊದಲ ವಾರ ಮೆಟ್ಟಿಲು ಹತ್ತಿ ಹೋಗಿ ಪಾಠ ಶುರುಮಾಡಿದರೆ ಏದುಸಿರು ಬರುತ್ತದೆ. ನಿಧಾನವಾಗಿ ಮಾತಾಡಿ, ಹುಡುಗರಿಗೂ ನಮ್ಮ ಇಂಗ್ಲಿಷಿಗೆ ಕಿವಿ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಪದವಿ ಪತ್ರಗಳ ದೃಢೀಕರಣದ ಕೆಲಸವನ್ನು ತಿಂಗಳುಗಳ ಮೊದಲೇ ಮುಗಿಸಿ. ದೇಶ ದೊಡ್ಡದು. ಉತ್ತರದ ಟಿಗ್ರಾಯ್‌ನಲ್ಲಿ 2020ರಿಂದ 2022ರವರೆಗೆ ಯುದ್ಧವೇ ನಡೆಯಿತು. ಯಾವ ಸೀಮೆಯ ಕಾಲೇಜು ಎಂದು ನಕ್ಷೆ ಹಿಡಿದು ನೋಡಿ. ಎಲ್ಲಕ್ಕಿಂತ ಮುಖ್ಯ, ಸಂಬಳ ಡಾಲರಿನಲ್ಲೋ ಅಲ್ಲಿನ ನಾಣ್ಯವಾದ ಬಿರ್‌ನಲ್ಲೋ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. 2024ರ ಜುಲೈ ಕೊನೆಯಲ್ಲಿ ಅಲ್ಲಿನ ಸರ್ಕಾರ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 57ರ ಆಸುಪಾಸು ಇದ್ದದ್ದು ಕೆಲವೇ ವಾರಗಳಲ್ಲಿ ನೂರು ದಾಟಿತು. ಬಿರ್‌ನಲ್ಲಿ ಸಂಬಳ ಎಣಿಸುವವನು ಊರಿಗೆ ಕಳಿಸುವ ಹಣ ಅಷ್ಟರಲ್ಲೇ ಅರ್ಧಕ್ಕೆ ಹತ್ತಿರ ಇಳಿಯಿತು.