ಮಾದರಿಯಿಂದ ಆಟ: ವಿಶ್ವೇಶ್ವರಯ್ಯ ನಾಲೆಯ ನಿದರ್ಶನ

ಚೌಕಾಬಾರದ ಮನೆಗಳನ್ನು ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದರೂ ಬಂಡೆಯ ಮೇಲೆ ಕೊರೆದರೂ ಆಟವು ಒಂದೇ. ಮನೆಗಳ ವಿನ್ಯಾಸ, ಕಾಯಿಗಳ ನಡೆ, ಕವಡೆಯ ಲೆಕ್ಕ ಇವು ಆಟದ ಮಾದರಿ. ಕಲ್ಲೂ ಸುಣ್ಣವೂ ಅದಕ್ಕೆ ಆಧಾರಮಾತ್ರ. ಗಣಕಯಂತ್ರದ ಶೈಕ್ಷಣಿಕ ಆಟಗಳಿಗೂ ಈ ವಿವೇಕವನ್ನು ತರುವುದೇ ಮಾದರಿಪ್ರಧಾನ ನಿರ್ಮಾಣಪದ್ಧತಿಯ ಉದ್ದೇಶ. ಕ್ರಮವಿಧಿಯ ಬರವಣಿಗೆಯನ್ನರಿಯದ ಉಪಾಧ್ಯಾಯನು ಮಾದರಿಯನ್ನು ಚಿತ್ರಗಳಿಂದ ನಿರೂಪಿಸಿದರೆ ಸಾಕು. ಉಳಿದುದನ್ನು ಯಂತ್ರವು ರಚಿಸಿಕೊಳ್ಳುವುದು.

ಲಿವರ್‌ಪೂಲಿನ ವಿದ್ವಾಂಸರಾದ ಸ್ಟೀಫನ್ ಟ್ಯಾಂಗ್, ಮಾರ್ಟಿನ್ ಹ್ಯಾನೆಘನ್ ಇವರು ಈ ಪದ್ಧತಿಗೆ ಮೂರು ಮಾದರಿಗಳನ್ನು ಕಲ್ಪಿಸಿರುವರು: ಆಟದ ವಸ್ತುವಿನದು, ತಂತ್ರದ್ದು, ತಂತ್ರಾಂಶದ್ದು. ಉಪಾಧ್ಯಾಯನ ಕೆಲಸ ಮೊದಲನೆಯದರಲ್ಲಿ. ಈ ವಿಭಾಗದ ಪ್ರಯೋಜನವು ನಿರ್ವಿವಾದ. 2020ರ ಕೊನೆಗೆ ಫ್ಲ್ಯಾಷ್ ತಂತ್ರಾಂಶದ ಪೋಷಣೆ ನಿಂತಾಗ ಅದನ್ನೇ ನೆಮ್ಮಿದ್ದ ಅನೇಕ ಆಟಗಳು ಮೂಲೆಗೆ ಬಿದ್ದುವು. ಮಾದರಿಯು ಬೇರೆಯಾಗಿ ಉಳಿದಿದ್ದರೆ ಮತ್ತೊಂದು ತಂತ್ರಾಂಶಕ್ಕೆ ಅದನ್ನು ಒಯ್ಯಬಹುದು.

ಆದರೆ ಪದ್ಧತಿಯ ನಿಜವಾದ ಪರೀಕ್ಷೆ ಬೇರೆಯಿದೆ. ಮಂಡ್ಯದ ಉಪಾಧ್ಯಾಯರೊಬ್ಬರು ನಾಲೆಯ ನೀರಿನ ಹಂಚಿಕೆಯನ್ನು ಕಲಿಸುವ ಆಟವನ್ನು ರಚಿಸಹೊರಟರೆಂದು ಭಾವಿಸಬಹುದು. ಹಿಂದೆ ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯು ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆಯ ಸುರಂಗವನ್ನು ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಿಗೆ ನೀರುಣಿಸುತ್ತದೆ. ಅಲ್ಲಿ ಕಬ್ಬು, ಬತ್ತ, ರಾಗಿ ಮೊದಲಾದ ಅರೆನೀರಾವರಿಯ ಬೆಳೆಗಳನ್ನು ಸರದಿಯಿಂದ ಬೆಳೆಯಿಸಲು ಹಾಕಿದ ಬ್ಲಾಕ್ ಪದ್ಧತಿಯೂ ಒಂದು ಮಾದರಿಯೇ. ನೀರು ಕಡಮೆಯಾದಾಗ ಮೊದಲು ಬಾಯಾರುವುದು ನಾಲೆಯ ಕೊನೆಯ ಭಾಗ. ಮದ್ದೂರು, ಮಳವಳ್ಳಿಗಳ ರೈತರು ಇದನ್ನು ಬಲ್ಲರು.

ಈಗ, ಹೆಚ್ಚು ಬೆಳೆದವನೇ ಗೆದ್ದನೆಂಬ ವಾಡಿಕೆಯ ನಿಯಮವನ್ನು ಸಾಧನವು ಮೊದಲೇ ಒದಗಿಸಿದ್ದರೆ, ನಾಲೆಯ ತಲೆಯಲ್ಲಿರುವ ಆಟಗಾರನು ತೂಬನ್ನು ಮುಚ್ಚದಿರುವುದೇ ಜಾಣತನವಾಗುವುದು. ಪಾಠವು ಹಂಚಿಕೆಯದು, ಆಟ ಕಲಿಸಿದ್ದು ಕಬಳಿಕೆಯನ್ನು. ಚಿತ್ರದಲ್ಲಿ ದೋಷವಿಲ್ಲ, ಯಂತ್ರವೂ ತಪ್ಪಿಲ್ಲ. ವ್ಯಾಕರಣಶುದ್ಧವಾದ ವಾಕ್ಯವು ಸುಳ್ಳಾಡಿದಂತೆ ಮಾದರಿಯು ಸುಳ್ಳಾಡಿತು. ಇಡೀ ನಾಲೆಯ ಫಲವನ್ನು ಕೂಡಿ ಎಣಿಸಿ, ಕೊನೆಯ ಗದ್ದೆ ಒಣಗಿದರೆ ಎಲ್ಲರೂ ಸೋತರೆಂದು ನಿಯಮವನ್ನು ತಿದ್ದಲು ಉಪಾಧ್ಯಾಯರಿಗೆ ಅವಕಾಶವಿರಬೇಕು. ಪಾತ್ರಗಳ ಹೆಸರನ್ನೂ ಬಣ್ಣವನ್ನೂ ಬದಲಿಸುವ ಸ್ವಾತಂತ್ರ್ಯವಷ್ಟೇ ದೊರೆತರೆ, ಆತನು ಅನ್ಯರ ಆಟಕ್ಕೆ ಅಲಂಕಾರ ಮಾಡಿದವನಾಗುವನೇ ಹೊರತು ಕರ್ತೃವಾಗಲಾರನು.

ಆದಕಾರಣ ಇಂಥ ಸಾಧನಗಳ ಬೆಲೆಯನ್ನು ಅವು ಉಳಿಸುವ ಶ್ರಮದಿಂದ ಮಾತ್ರ ಅಳೆಯತಕ್ಕದ್ದಲ್ಲ. ಗೆಲವಿನ ನಿಯಮವು ಕಣ್ಣಿಗೆ ಕಾಣುವಂತಿದೆಯೆ, ಕೈಗೆ ಸಿಗುವಂತಿದೆಯೆ ಎಂಬುದನ್ನು ಮೊದಲು ಕೇಳಬೇಕು. ಯಂತ್ರಕ್ಕೆ ಒಪ್ಪಿಸುವ ಮುನ್ನ ಆ ಮಾದರಿಯನ್ನು ಶಾಲೆಯ ನೆಲದ ಮೇಲೆ ಬರೆದು, ಹುಣಿಸೆಬೀಜಗಳನ್ನೇ ನೀರೆಂದು ಹಂಚಿ ಮಕ್ಕಳಿಂದ ಆಡಿಸಿ ನೋಡಿದರೆ, ಸುಳ್ಳು ನಿಯಮವು ಒಂದೆರಡು ಆಟಗಳಲ್ಲಿಯೇ ಬಯಲಾಗುವುದು.