ಕಾರಣ ಹೇಳುವ ಪುಸ್ತಕ, ಉತ್ತರ ಕೇಳುವ ಪರೀಕ್ಷೆ

ಅಮೆರಿಕದಲ್ಲಿ ದೊಡ್ಡ ಲಾರಿ ಓಡಿಸಲು ಹೊರಟವರು ಸ್ಟೀರಿಂಗ್ ಮುಟ್ಟುವ ಮೊದಲು ಒಂದು ಪುಸ್ತಕ ಓದಬೇಕು. ಅದು ವಾಣಿಜ್ಯ ಚಾಲನಾ ಪರವಾನಗಿಯ, ಅಂದರೆ ಅಲ್ಲಿನವರ ಬಾಯಲ್ಲಿ ಸಿಡಿಎಲ್‌ನ, ಕೈಪಿಡಿ. ರಾಜ್ಯಗಳ ಮೋಟಾರು ವಾಹನ ಇಲಾಖೆಗಳ ಸಂಘ ಸಿದ್ಧಪಡಿಸಿದ ಮಾದರಿಯನ್ನು ಆಧರಿಸಿ ರಾಜ್ಯಗಳು ತಮ್ಮ ತಮ್ಮ ಆವೃತ್ತಿ ಹೊರತರುತ್ತವೆ. ಅದನ್ನು ಓದಿ ಲಿಖಿತ ಪರೀಕ್ಷೆಯಲ್ಲಿ ಪಾಸಾದರೆ ಕಲಿಕೆಯ ಪರ್ಮಿಟ್. ಪರ್ಮಿಟ್ ಕೈಗೆ ಬಂದು 14 ದಿನವಾದರೂ ಕಳೆಯದೆ ರಸ್ತೆ ಪರೀಕ್ಷೆಗೆ ನಿಲ್ಲುವಂತಿಲ್ಲ. ಸರ್ಕಾರಿ ಪ್ರಕಟಣೆಯಾದ್ದರಿಂದ ಇದನ್ನು ಪುಸ್ತಕವೆಂದು ಓದುವವರು ಕಡಿಮೆ. ಹಾಗೆ ಓದಿದರೆ ಎರಡು ಸಂಗತಿ ಎದ್ದು ಕಾಣುತ್ತವೆ: ಪುಸ್ತಕ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿದೆ, ಅದರ ಮೇಲೆ ನಡೆಯುವ ಪರೀಕ್ಷೆ ಪುಸ್ತಕದ ಯೋಗ್ಯತೆಗೆ ತಕ್ಕಂತಿಲ್ಲ.

ಈ ಪರೀಕ್ಷೆ ಹುಟ್ಟಿದ್ದಕ್ಕೆ ಕಾರಣವಿತ್ತು. 1986ರ ವಾಣಿಜ್ಯ ವಾಹನ ಸುರಕ್ಷತಾ ಕಾಯ್ದೆಗೆ ಮುನ್ನ ಹಲವು ರಾಜ್ಯಗಳಲ್ಲಿ ಕಾರಿನ ಲೈಸೆನ್ಸ್ ಇದ್ದವರೇ ಟ್ರೇಲರ್ ಎಳೆಯುವ ಲಾರಿಯನ್ನೂ ಓಡಿಸಬಹುದಿತ್ತು. ಕೆಲವರು ನಾಲ್ಕಾರು ರಾಜ್ಯಗಳ ಲೈಸೆನ್ಸ್ ಇಟ್ಟುಕೊಂಡು, ತಪ್ಪುಗಳನ್ನು ಒಂದೊಂದರ ಮೇಲೆ ಹಂಚಿಹಾಕಿ ಪಾರಾಗುತ್ತಿದ್ದರು. ಹೊಸ ಕಾಯ್ದೆ ಒಬ್ಬರಿಗೆ ಒಂದೇ ಲೈಸೆನ್ಸ್ ಎಂದಿತು. 1992ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಒಂದೇ ಅಳತೆಯ ಪರೀಕ್ಷೆ ಕಡ್ಡಾಯವಾಯಿತು. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ 50 ಪ್ರಶ್ನೆ. ಏರ್ ಬ್ರೇಕ್, ಟ್ರೇಲರ್ ಜೋಡಣೆ, ಟ್ಯಾಂಕರ್, ಅಪಾಯಕಾರಿ ಸರಕು ಇವಕ್ಕೆ ಬೇರೆ ಬೇರೆ ಪತ್ರಿಕೆ. ಎಲ್ಲದರಲ್ಲೂ ನೂರಕ್ಕೆ 80 ಸರಿಯಿರಬೇಕು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪದ್ಧತಿ.

ಈಗ ಪುಸ್ತಕಕ್ಕೆ ಬರೋಣ. ಇದರ ಗದ್ಯದಲ್ಲಿ ಅಲಂಕಾರವಿಲ್ಲ, ಉಪದೇಶವೂ ಕಡಿಮೆ. ಚಿಕ್ಕ ವಾಕ್ಯಗಳಲ್ಲಿ ಒಂದು ಸಂಗತಿ ಹೇಳಿ, ಬೆನ್ನಿಗೇ ಅದು ಯಾಕೆ ಹಾಗೆ ಎಂದು ವಿವರಿಸುತ್ತದೆ. ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ವೇಗದಲ್ಲಿರುವ ಲಾರಿ ನಿಲ್ಲಲು ಎಷ್ಟು ದೂರ ಬೇಕು? ಪುಸ್ತಕ ಲೆಕ್ಕವನ್ನು ಬಿಡಿಸಿ ಇಡುತ್ತದೆ. ಅಪಾಯ ಕಣ್ಣಿಗೆ ಬಿದ್ದು ಮನಸ್ಸಿಗೆ ಹೊಳೆಯುವಷ್ಟರಲ್ಲಿ 142 ಅಡಿ, ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲಿ 61 ಅಡಿ, ಬ್ರೇಕ್ ಹಿಡಿದು ನಿಲ್ಲಲು 216 ಅಡಿ, ಒಟ್ಟು 419. ಏರ್ ಬ್ರೇಕ್ ಆದರೆ ಗಾಳಿ ಪೈಪಿನಲ್ಲಿ ಹರಿದು ಚಕ್ರ ಮುಟ್ಟುವ ಹೊತ್ತಿಗೆ ಇನ್ನೊಂದು 32 ಅಡಿ. ಸುಮ್ಮನೆ 419 ಎಂದು ಬರೆದಿದ್ದರೆ ಅದು ಬರೀ ಅಂಕಿ. ಮೂರು ತುಂಡು ಮಾಡಿ ಕೊಟ್ಟಾಗ, ಬ್ರೇಕ್ ಎಷ್ಟೇ ಹೊಸದಾಗಿರಲಿ, ಅರ್ಧದಷ್ಟು ದೂರ ಚಾಲಕನ ಗಮನದ ಮೇಲೇ ನಿಂತಿದೆ ಎಂಬುದು ಓದುಗನಿಗೆ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಕಡೆ, ಖಾಲಿ ಲಾರಿ ನಿಲ್ಲಲು ಲೋಡ್ ಲಾರಿಗಿಂತ ಹೆಚ್ಚು ದೂರ ಬೇಕು ಎನ್ನುತ್ತದೆ. ಮೊದಲ ಸಲ ಓದುವವರು ಅಚ್ಚಿನ ತಪ್ಪೆಂದೇ ಭಾವಿಸಬಹುದು. ದೊಡ್ಡ ಲಾರಿಯ ಬ್ರೇಕು, ಟಯರು, ಸ್ಪ್ರಿಂಗು ಎಲ್ಲವೂ ತುಂಬಿದ ಭಾರಕ್ಕೆಂದು ಮಾಡಿದವು. ಖಾಲಿಯಿದ್ದಾಗ ಟಯರಿಗೆ ನೆಲದ ಹಿಡಿತ ಸಾಲದೆ ಗಾಡಿ ಕುಪ್ಪಳಿಸುತ್ತದೆ, ಚಕ್ರ ಲಾಕ್ ಆಗುತ್ತದೆ ಎಂಬ ವಿವರಣೆ ಬಂದಾಗ ಅನುಮಾನ ಹೋಗುತ್ತದೆ. ಹಾಗೆ ಅರಿತದ್ದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಪುಸ್ತಕದ ಅತ್ಯುತ್ತಮ ಪುಟಗಳು ಬೆಟ್ಟದ ಇಳಿಜಾರಿನವು. ನಮ್ಮ ಘಾಟಿಗಳಲ್ಲಿ ಹಳೆಯ ಚಾಲಕರು ಕ್ಲೀನರ್ ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠವೊಂದಿದೆ: ಹತ್ತಿದ ಗೇರಿನಲ್ಲೇ ಇಳಿಸು. ಸಾವಿರಾರು ಮೈಲಿ ದೂರದ ಈ ಕೈಪಿಡಿಯಲ್ಲೂ ಅದೇ ಮಾತು ಸಿಗುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಆ ನಿಯಮ ಹಳೆಯ ಗಾಡಿಗಳಿಗೆ. ಈಗಿನ ಲಾರಿಗಳ ಬಿಡಿಭಾಗಗಳಲ್ಲಿ ಘರ್ಷಣೆ ಕಡಿಮೆ, ಮೈಕಟ್ಟು ಗಾಳಿಯನ್ನು ಸೀಳಿಕೊಂಡು ಹೋಗುವಂಥದ್ದು, ಹಾಗಾಗಿ ಇಳಿಯುವಾಗ ಹತ್ತಿದ್ದಕ್ಕಿಂತಲೂ ಕೆಳಗಿನ ಗೇರ್ ಬೇಕಾಗಬಹುದು ಎನ್ನುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿರಬೇಕು. ವೇಗ ಏರಿದ ಮೇಲೆ ಗೇರ್ ಬದಲಿಸಲು ಹೋದರೆ ನ್ಯೂಟ್ರಲ್‌ನಲ್ಲೇ ಸಿಕ್ಕಿಕೊಂಡು ಇಂಜಿನ್ನಿನ ತಡೆ ಪೂರಾ ಕೈತಪ್ಪಬಹುದು. ಬ್ರೇಕನ್ನು ಒಂದೇ ಸಮನೆ ಒತ್ತಿಟ್ಟರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುರಕ್ಷಿತ ವೇಗ 40 ಮೈಲಿಯಾದರೆ, 40 ಮುಟ್ಟಿದಾಗ ವೇಗ ತಗ್ಗುವುದು ಗೊತ್ತಾಗುವಷ್ಟು ಒತ್ತಿ 35ಕ್ಕೆ ಇಳಿಸಿ ಬಿಡಬೇಕು. ಮತ್ತೆ 40 ಆದಾಗ ಮತ್ತೆ ಒತ್ತಬೇಕು. ಬಾಯಿಂದ ಬಾಯಿಗೆ ಬಂದ ನಿಯಮ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಅಲ್ಲ ಎಂದು ತೋರಿಸುವುದು ಕಾರಣ ಬಲ್ಲ ಬರಹಕ್ಕೆ ಮಾತ್ರ ಸಾಧ್ಯ. ಈ ಕೈಪಿಡಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ.

ಪರೀಕ್ಷೆ ಈ ಕಾರಣಗಳನ್ನು ಕೇಳುವುದೇ ಇಲ್ಲ. ಪ್ರತಿ ಭಾಗದ ಕೊನೆಯಲ್ಲಿ ಪುಸ್ತಕವೇ ಕೆಲವು ಪ್ರಶ್ನೆ ಹಾಕುತ್ತದೆ. ಹೆಚ್ಚಿನವಕ್ಕೆ ಆಯ್ಕೆಗಳಿಲ್ಲ, ಹಿಂದಿನ ಪುಟದಲ್ಲಿ ಉತ್ತರವೂ ಇಲ್ಲ; ಗೊತ್ತಾಗದಿದ್ದರೆ ಆ ಭಾಗವನ್ನು ಮತ್ತೊಮ್ಮೆ ಓದಿ ಎಂಬ ಸೂಚನೆ ಮಾತ್ರ. ಪರೀಕ್ಷೆಯ ಪರದೆಯ ಮೇಲೆ ಅದೇ ವಿಷಯ ಬರುವಾಗ ಗುರುತು ಹಿಡಿದರೆ ಸಾಕಾಗುವ ಪ್ರಶ್ನೆಯಾಗಿರುತ್ತದೆ. ಮುಂದಿನ ಟಯರಿನ ಕಚ್ಚಿನ ಆಳ ಕನಿಷ್ಠ ಇಂಚಿನ 32ರಲ್ಲಿ 4 ಭಾಗ, ಉಳಿದವುಗಳದ್ದು 2 ಭಾಗ. ಬ್ರೇಕ್ ಒತ್ತಿ ಹಿಡಿದಾಗ ನಿಮಿಷಕ್ಕೆ ಸೋರಬಹುದಾದ ಗಾಳಿ ಒಂಟಿ ಗಾಡಿಗೆ 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ), ಟ್ರೇಲರ್ ಸೇರಿದರೆ 4. ಟ್ರೇಲರ್ ಸೇರಿದಾಗ ಅಂಕಿ ಏಕೆ ಬೇರೆ ಎಂದು ಯೋಚಿಸದವರೂ 3 ಮತ್ತು 4ನ್ನು ಅದಲುಬದಲು ಮಾಡದಿದ್ದರೆ ಪಾಸು. 50ರಲ್ಲಿ 10 ತಪ್ಪಾದರೂ ನಡೆಯುತ್ತದೆ; ಯಾವ ಹತ್ತು ಎಂಬುದು ಲೆಕ್ಕಕ್ಕಿಲ್ಲ.

ಹೀಗಿರುವಾಗ ತಯಾರಿಯೂ ಅದೇ ದಾರಿ ಹಿಡಿದಿದೆ. ಪಿಯುಸಿ ಹುಡುಗರು ಪಠ್ಯ ಬದಿಗಿಟ್ಟು ಗೈಡ್ ಹಿಡಿಯುವಂತೆ, ಹೆಚ್ಚಿನವರು ಅಣಕು ಪರೀಕ್ಷೆಯ ಆ್ಯಪ್‌ಗಳಿಗೆ ಮೊರೆಹೋಗುತ್ತಾರೆ. ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಒತ್ತಿ ಅಂಕ ಏರಿದಾಗ ಕಲಿತೆವೆಂಬ ಧೈರ್ಯ ಬರುತ್ತದೆ. ವಾಸ್ತವದಲ್ಲಿ ಅವರಿಗೆ ಪರಿಚಯವಾಗಿರುವುದು ಪ್ರಶ್ನೆಯ ಧಾಟಿ. 2022ರ ಫೆಬ್ರವರಿಯಿಂದ ಹೊಸ ಚಾಲಕರು ರಸ್ತೆ ಪರೀಕ್ಷೆಗೆ ಮುನ್ನ ನೋಂದಾಯಿತ ಸಂಸ್ಥೆಯಲ್ಲಿ ಪಾಠವನ್ನೂ ಕೇಳಬೇಕು. ಆದರೆ ಕನಿಷ್ಠ ಇಷ್ಟು ಗಂಟೆ ಎಂಬ ನಿಯಮವಿಲ್ಲ. ಕೊನೆಗೆ ಇನ್ನೊಂದು 80ರ ಗೆರೆ ದಾಟಿದರಾಯಿತು.

ಪುಸ್ತಕವೂ ದೋಷಮುಕ್ತವಲ್ಲ. ಇಂದು ಆಟೋಮ್ಯಾಟಿಕ್ ಲಾರಿಗಳು ಎಲ್ಲೆಡೆ ಇವೆ. ಅಂಥ ಗಾಡಿಯಲ್ಲಿ ರಸ್ತೆ ಪರೀಕ್ಷೆ ಕೊಟ್ಟವರ ಲೈಸೆನ್ಸಿನಲ್ಲಿ ಕ್ಲಚ್ ಗಾಡಿ ಓಡಿಸುವಂತಿಲ್ಲ ಎಂಬ ನಿರ್ಬಂಧ ಬೀಳುತ್ತದೆ. ಆದರೂ ಎರಡು ಸಲ ಕ್ಲಚ್ ಒತ್ತಿ ಗೇರ್ ಬದಲಿಸುವ ವಿಧಾನವನ್ನು ಅವರೂ ಓದಬೇಕು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು ಕೊರತೆ. ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗುವುದೊಂದೇ ಮದ್ದು ಎಂದು ಪುಸ್ತಕ ಸರಿಯಾಗಿಯೇ ಹೇಳುತ್ತದೆ. ಆದರೆ ಸರಕು ಇಂಥ ಹೊತ್ತಿಗೆ ತಲುಪಲೇಬೇಕೆಂದು ಫೋನಿನಲ್ಲಿ ಒತ್ತಾಯಿಸುವ ಮಾಲೀಕನೂ ಮೈಲಿ ಲೆಕ್ಕದ ಸಂಬಳವೂ ಆ ಪುಟಗಳಲ್ಲಿ ಬರುವುದಿಲ್ಲ. ಚಾಲಕನೊಬ್ಬನೇ ಎಲ್ಲ ನಿರ್ಧಾರ ಮಾಡುತ್ತಾನೆಂಬ ಕಲ್ಪನೆಯ ಮೇಲೆ ಪುಸ್ತಕ ನಿಂತಿದೆ.

ಇಷ್ಟೆಲ್ಲ ಹೇಳಿದ ಮೇಲೂ ಅಮೆರಿಕದವರಿಗೆ ಟೀಕಿಸಲು ಒಂದು ಪರೀಕ್ಷೆಯಾದರೂ ಇದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯಂತೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್, ಬೇಕಾದರೆ ಕನಿಷ್ಠ ಒಂದು ವರ್ಷದಿಂದ ಲಘು ವಾಹನದ ಲೈಸೆನ್ಸ್ ಇರಬೇಕು. 1989ರ ಕೇಂದ್ರ ನಿಯಮಗಳಲ್ಲಿ, ಚಾಲ್ತಿ ಲೈಸೆನ್ಸ್ ಇದ್ದವರಿಗೆ ಎಲ್‌ಎಲ್‌ನ ಪ್ರಾಥಮಿಕ ಪರೀಕ್ಷೆಯಿಂದ ವಿನಾಯಿತಿ. ಎರಡನ್ನೂ ಕೂಡಿಸಿ ನೋಡಿ: ಲಾರಿಯ ಎಲ್‌ಎಲ್‌ಗೆಂದು ಅರ್ಜಿ ಹಾಕುವವನು ಆ ಹಂತದಲ್ಲಿ ಲಾರಿಯ ಬಗ್ಗೆ ಒಂದೂ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಹಿಂದೆಂದೋ ಕಾರಿಗಾಗಿ ಬರೆದದ್ದು ರಸ್ತೆ ಚಿಹ್ನೆ, ಸಂಚಾರ ನಿಯಮ, ಅಪಘಾತವಾದಾಗಿನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು, ಜೊತೆಗಿರಬೇಕಾದ ಕಾಗದಪತ್ರ ಇವಿಷ್ಟರ ಪರೀಕ್ಷೆ. ಅಪಾಯಕಾರಿ ಸರಕು ಸಾಗಿಸುವವರಿಗೆ ಪ್ರತ್ಯೇಕ ತರಬೇತಿಯ ನಿಯಮವಿದೆ. ಉಳಿದವರ ವಿದ್ಯೆ ಹೆಚ್ಚಾಗಿ ಕ್ಯಾಬಿನ್ನಿನಲ್ಲಿ ಹಿರಿಯ ಚಾಲಕನಿಂದ ಬಂದದ್ದು. ಅದರಲ್ಲಿ ಹತ್ತಿದ ಗೇರಿನ ಪಾಠವೂ ಇದೆ, ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿಯೂ ಇದೆ. ಎರಡೂ ಅನುಭವಸ್ಥರ ಮಾತೇ. ಯಾವುದು ಜೀವ ಉಳಿಸುತ್ತದೆ, ಯಾವುದು ತೆಗೆಯುತ್ತದೆ ಎಂದು ಬಿಡಿಸಿ ಹೇಳುವ ಓದು ನಡುವೆ ಎಲ್ಲೂ ಇಲ್ಲ.

ಸರಿಯಾದ ಪರೀಕ್ಷೆಯ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಿಡಿಎಲ್‌ನ ಮುಂದಿನ ಹಂತದಲ್ಲೇ ಅದಿದೆ. ಗಾಡಿ ಹೊರಡುವ ಮೊದಲಿನ ತಪಾಸಣೆಯಲ್ಲಿ ಅಭ್ಯರ್ಥಿ ಒಂದೊಂದು ಭಾಗವನ್ನೂ ಮುಟ್ಟಿ, ಹೆಸರಿಸಿ, ಏನು ನೋಡುತ್ತಿದ್ದೇನೆ, ಏಕೆ ನೋಡುತ್ತಿದ್ದೇನೆ ಎಂದು ಪರೀಕ್ಷಕನ ಎದುರು ಬಾಯಿಬಿಟ್ಟು ಹೇಳಬೇಕು. ಅಲ್ಲಿ ಊಹೆ ನಡೆಯುವುದಿಲ್ಲ. ಲಿಖಿತ ಪರೀಕ್ಷೆಗೆ ಓದುವವರೂ ಆ್ಯಪ್ ಮುಚ್ಚಿಟ್ಟು, ಕೈಪಿಡಿ ತಾನೇ ಕೇಳುವ ಪ್ರಶ್ನೆಗಳಿಗೆ ಹೀಗೆ ಗಟ್ಟಿಯಾಗಿ ಉತ್ತರ ಹೇಳಿಕೊಂಡರೆ, ಪಾಸಾಗುವುದರ ಜೊತೆಗೆ ಪುಸ್ತಕವೂ ದಕ್ಕುತ್ತದೆ. ಕನ್ನಡದಲ್ಲಿ ಇಂಥದೊಂದು ಕೈಪಿಡಿ ಬರಬೇಕು: ಶಿರಾಡಿ, ಚಾರ್ಮಾಡಿ ಘಾಟಿಗಳ ಇಳಿಜಾರು, ಮಲೆನಾಡಿನ ಮಳೆ, ಹೆಚ್ಚಿಗೆ ಹೇರುವ ಲೋಡು, ಮಾಲೀಕನ ಫೋನು ಎಲ್ಲವೂ ಅದರಲ್ಲಿರಲಿ. ಅದರ ಮೇಲೆ ಪರೀಕ್ಷೆ ಮಾಡುವುದಾದರೆ, ಪ್ರತಿ ಅಂಕಿಯ ಪಕ್ಕ ಒಂದು ‘ಏಕೆ’ ಇರಲಿ.