ಟೀಕೆಯ ಮರ್ಯಾದೆ

ಸಂವಿಧಾನ ರಚನಾ ಸಭೆಯಲ್ಲಿ 1949ರ ನವೆಂಬರ್ 17ರಂದು ಕೆಂಗಲ್ ಹನುಮಂತಯ್ಯನವರು ಮಾಡಿದ ಭಾಷಣವು ಬಹುಮಟ್ಟಿಗೆ ಒಂದು ಉಪಮೆಗಾಗಿ ಮಾತ್ರ ನೆನಪಿನಲ್ಲಿ ಉಳಿದಿದೆ. ವೀಣೆಯ ಅಥವಾ ಸಿತಾರಿನ ನಾದವನ್ನು ಬಯಸಿದ್ದ ನಾಡಿಗೆ ಇಂಗ್ಲಿಷ್ ಬ್ಯಾಂಡಿನ ಸಂಗೀತ ದೊರೆಯಿತೆಂಬುದು, ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದ ಆ ವಕೀಲರ ಆಕ್ಷೇಪ.

ಉಪಮೆಯೇನೋ ಸೊಗಸಾದುದು, ವಾದವಾಗಿ ಅದು ದುರ್ಬಲವೆಂದೇ ಹೇಳಬೇಕು. ಯಾವ ವಿಧಿಯನ್ನು ತಿದ್ದಿದರೆ ಬ್ಯಾಂಡು ವೀಣೆಯಾದೀತೆಂಬುದನ್ನು ಅದು ತಿಳಿಸುವುದಿಲ್ಲ. ಅದರ ಬೆನ್ನಿಗೇ ಬರುವ ಮಾತು ಹೆಚ್ಚು ಬೆಲೆಯುಳ್ಳದ್ದು. ಸಂವಿಧಾನವನ್ನು ರೂಪಿಸಿದವರು ಅಂಥ ಶಿಕ್ಷಣವನ್ನೇ ಪಡೆದವರಾದ್ದರಿಂದ ಅವರನ್ನು ದೂರಲಾಗದು. ಆ ಕಾರ್ಯವನ್ನು ಅವರಿಗೆ ಒಪ್ಪಿಸಿದವರದೇ, ಅಂದರೆ ತಮ್ಮೆಲ್ಲರದೇ ಹೊಣೆ ಎಂಬುದು ಅದರ ತಾತ್ಪರ್ಯ. ಟೀಕಿಸುವವನು ತನ್ನನ್ನೂ ಟೀಕೆಯ ವ್ಯಾಪ್ತಿಗೆ ಸೇರಿಸಿಕೊಂಡಾಗ ಮಾತಿನಲ್ಲಿ ದ್ವೇಷಕ್ಕೆ ಎಡೆಯಿರುವುದಿಲ್ಲ.

ಎಂಟು ದಿನಗಳ ತರುವಾಯ ಡಾ. ಅಂಬೇಡ್ಕರರು ತೋರಿದ ಔದಾರ್ಯವೂ ಇದಕ್ಕೆ ಸಮನಾದುದು. ಪಕ್ಷದ ಶಿಸ್ತಿಗೆ ಕಟ್ಟುಬೀಳದೆ ಪ್ರಶ್ನಿಸಿದ ಸದಸ್ಯರನ್ನು ಅವರು ಹೆಸರು ಹಿಡಿದು ವಂದಿಸಿದರು. ಆ ಪ್ರಶ್ನೆಗಳಿಲ್ಲದಿದ್ದರೆ ಕಲಾಪ ನೀರಸವಾಗುತ್ತಿತ್ತೆಂದರು. ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಅವನತಿಗೂ ಸರ್ವಾಧಿಕಾರಕ್ಕೂ ದಾರಿಯೆಂಬ ಎಚ್ಚರಿಕೆಯನ್ನೂ ಅದೇ ಭಾಷಣದಲ್ಲಿ ನೀಡಿದರು.

ಹನುಮಂತಯ್ಯನವರ ತವರುನೆಲದಲ್ಲಿಯೇ ಈ ಎಚ್ಚರಿಕೆಯನ್ನು ಅನ್ವಯಿಸಿ ನೋಡುವುದು ಉಚಿತ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟವು ಅದನ್ನು ‘ಬೆಂಗಳೂರು ದಕ್ಷಿಣ’ವೆಂದು ಕರೆಯಲು ಒಪ್ಪಿತು. ಬೆಂಗಳೂರಿನ ಹೆಸರಿನಿಂದ ಬಂಡವಾಳ ಬರುವುದು, ಭೂಮಿಯ ಬೆಲೆ ಏರುವುದು ಎಂಬುದು ಡಿ.ಕೆ. ಶಿವಕುಮಾರ್ ಅವರ ಪ್ರತಿಪಾದನೆ. ಎಚ್.ಡಿ. ಕುಮಾರಸ್ವಾಮಿಯವರು ಅದನ್ನು ವಿರೋಧಿಸಿ, ಅಧಿಕಾರ ದೊರೆತರೆ ಹಳೆಯ ಹೆಸರನ್ನೇ ಮರಳಿ ತರುವುದಾಗಿ ಸಾರಿದರು.

ಎರಡು ವಾದಗಳೂ ಪರೀಕ್ಷೆಗೆ ಅರ್ಹವಾದವು. ಭೂಮಿಯ ಬೆಲೆಯೇರಿಕೆ ಮಾರುವವನಿಗೆ ಲಾಭ. ನಿವೇಶನಕ್ಕಾಗಿ ಹಣ ಕೂಡಿಸುವವನಿಗೆ ಭಾರ. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗೂ ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿದ ರೇಷ್ಮೆ ಬೆಳೆಗಾರನಿಗೂ ಹೊಸ ಹೆಸರು ಏನನ್ನು ಕೊಡುವುದು? ಮತ್ತೊಂದು ಕಡೆ, ರಾಮನಗರವೂ ಹಿಂದೆ ಕ್ಲೋಸ್‌ಪೇಟೆಯಾಗಿದ್ದ ಊರು. ಹೆಸರು ಶಾಶ್ವತವಲ್ಲದ ಮೇಲೆ, ಬದಲಾವಣೆಯಿಂದ ಯಾರಿಗೆ ಯಾವ ಹಾನಿಯೆಂಬುದನ್ನು ವಿರೋಧಿಗಳು ವಿವರಿಸಬೇಕಿತ್ತು. ಈ ಪ್ರಶ್ನೆಗಳು ಹಿಂದೆ ಸರಿದು, ಇದು ಯಾವ ನಾಯಕರ ಗೆಲುವು, ಯಾರ ಸೋಲು ಎಂಬ ಲೆಕ್ಕವೇ ಮುಂದಾಯಿತು.

ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ ಎಂಬ ನಾಲ್ವರು ಮುಖ್ಯಮಂತ್ರಿಗಳನ್ನು ವಿಧಾನಸಭೆಗೆ ಕಳುಹಿಸಿದ ಪ್ರದೇಶವಿದು. ಆ ಅಭಿಮಾನ ಸಹಜವಾದುದೇ. ಆದರೆ ಅಭಿಮಾನವು ಪ್ರಶ್ನೆಯ ಬಾಯಿ ಮುಚ್ಚಿಸಿದರೆ ಚುನಾವಣೆಗೊಮ್ಮೆ ಹೆಸರು ಬದಲಾದೀತೇ ಹೊರತು ಆಡಳಿತ ಬದಲಾಗದು. ಎದುರಾಳಿಯ ವಾದದಲ್ಲಿ ಸತ್ಯದ ಅಂಶವೆಷ್ಟಿದೆಯೆಂದು ಮೊದಲು ಅಳೆದು, ಬಳಿಕ ಖಂಡಿಸುವುದೇ ಸಂವಿಧಾನವು ಪ್ರಜೆಯಿಂದ ಅಪೇಕ್ಷಿಸುವ ವಾಕ್‌ಸಂಯಮ.